ಚಾರ್ಟರ್ ಶಾಲೆಯ ಲಾಟರಿಗೆ ಮಗಳ ಹೆಸರು ಹಾಕಲಾ, ಬೇಡ್ವಾ?

ಬಾಸ್ಟನ್ ಸೊಸೆ:
ಮಗಳು ಬರುವ ವರ್ಷ ಆರನೇ ಕ್ಲಾಸು. ಚಾರ್ಟರ್ ಶಾಲೆಗೆ ಅರ್ಜಿ ಹಾಕೋಣ ಅಂತಿದ್ದೇನೆ. ಊರಲ್ಲಿರುವವರಿಗೆ ಒಂದು ಮಾತು: ಇಲ್ಲಿ ಅಮೆರಿಕದಲ್ಲಿ ಚಾರ್ಟರ್ ಅಂದರೆ ಸರ್ಕಾರದ ದುಡ್ಡಲ್ಲಿ ನಡೆಯುವ, ಫೀಸಿಲ್ಲದ ಶಾಲೆ. ಆದರೆ ಸ್ವಂತ ಆಡಳಿತ ಮಂಡಳಿ ಇರುತ್ತದೆ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಲಾಟರಿ. ನಿನ್ನೆ ಇದನ್ನು ಹೇಳಿದ್ದಕ್ಕೆ ಪಕ್ಕದ ಮನೆ ಟೀಚರ್ ಮುಖ ಗಂಟು ಹಾಕಿಕೊಂಡು ಹೋದರು. ನಾನು ಮಾಡಿದ ತಪ್ಪೇನು?

ಸೀಮೆಸುಣ್ಣ:
ನಾನೂ ಇಲ್ಲಿನ ಮಾಮೂಲಿ ಸರ್ಕಾರಿ ಶಾಲೆಯ ಟೀಚರೇ. ಕೋಪ ಇಲ್ಲ, ಲೆಕ್ಕ ಹೇಳುತ್ತೇನೆ. ಮಗು ಚಾರ್ಟರಿಗೆ ಹೋದರೆ ತಲೆಗಿಷ್ಟು ಅಂತ ದುಡ್ಡೂ ಅದರ ಹಿಂದೆ ಹೋಗುತ್ತದೆ. ಆದರೆ ಮಕ್ಕಳು ಒಂದೇ ಕ್ಲಾಸಿನಿಂದ ಹೋಗುವುದಿಲ್ಲ. ಇಲ್ಲಿ ಇಬ್ಬರು, ಅಲ್ಲಿ ಮೂವರು. ಟೀಚರ್ ಅಷ್ಟೇ ಜನ ಬೇಕು, ಬಸ್ಸು ಅಷ್ಟೇ ದೂರ ಓಡಬೇಕು, ಚಳಿಗೆ ಹೀಟರ್ ಅಷ್ಟೇ ಉರಿಯಬೇಕು. ರಾಜ್ಯ ಸರ್ಕಾರ ಮೊದಮೊದಲು ಒಂದಿಷ್ಟು ತುಂಬಿಕೊಡುತ್ತದೆ, ನಿಜ. ಆಮೇಲೆ? ನಮ್ಮಲ್ಲಿ ಮೊದಲು ಕೆಲಸ ಹೋದದ್ದು ಸಂಗೀತದ ಮೇಷ್ಟ್ರದ್ದು. 2016ರಲ್ಲಿ ವರ್ಷಕ್ಕೆ 12ರವರೆಗೆ ಚಾರ್ಟರ್ ಹೆಚ್ಚಿಸೋಣವಾ ಅಂತ ನಮ್ಮ ರಾಜ್ಯ ಮ್ಯಾಸಚೂಸೆಟ್ಸ್‌ನಲ್ಲಿ ಮತಕ್ಕೆ ಹಾಕಿದಾಗ ಶೇ. 62ರಷ್ಟು ಮತ ಬೇಡ ಅಂತಲೇ ಬಿತ್ತು.

ಎರಡು ಕಾಸು:
ಬೇಡ ಅಂದವರಲ್ಲಿ ಒಳ್ಳೆ ಶಾಲೆ ಇರುವ ಸಿರಿವಂತ ಊರುಗಳವರು ಎಷ್ಟು ಜನ ಇದ್ದರು ಮೇಡಂ? ಅವರಿಗೆ ಏನು ಬೇಕಿತ್ತು ಹೇಳಿ.

ಸೀಮೆಸುಣ್ಣ:
ಬಾಸ್ಟನ್ ನಗರವೂ ಬೇಡ ಅಂದಿತು ಸಾರ್.

ಎರಡು ಕಾಸು:
ಒಪ್ಪಿದೆ. ಆದರೆ ಅದೇ ಬಾಸ್ಟನ್‌ನಲ್ಲಿ ಲಾಟರಿ ಗೆದ್ದ ಮಕ್ಕಳನ್ನೂ ಸೋತ ಮಕ್ಕಳನ್ನೂ ಹೋಲಿಸಿ ನೋಡಿದ್ದಾರೆ. ಎರಡೂ ಕಡೆ ಅರ್ಜಿ ಹಾಕುವಷ್ಟು ಕಾಳಜಿ ಇರುವ ಅಪ್ಪ ಅಮ್ಮಂದಿರೇ. ಹಾಗಾಗಿ ‘ಒಳ್ಳೆ ಮಕ್ಕಳನ್ನು ಆರಿಸಿಕೊಂಡರು’ ಅನ್ನುವ ಮಾತು ನಡೆಯಲ್ಲ. ಗೆದ್ದವರು ಗಣಿತದಲ್ಲಿ ಚೆನ್ನಾಗಿಯೇ ಮುಂದೆ ಹೋಗಿದ್ದರು. ಅಂದ ಹಾಗೆ, 1988ರಲ್ಲಿ ಈ ಯೋಚನೆಗೆ ದೊಡ್ಡ ಪ್ರಚಾರ ಕೊಟ್ಟವರು ಆಲ್ಬರ್ಟ್ ಶ್ಯಾಂಕರ್, ಶಿಕ್ಷಕರ ಸಂಘದ ಅಧ್ಯಕ್ಷರು! ಮಿನ್ನೆಸೋಟಾದಲ್ಲಿ ಮೊದಲ ಕಾನೂನು ಬಂದಿದ್ದು 1991ರಲ್ಲಿ.

ಸೀಮೆಸುಣ್ಣ:
ಶ್ಯಾಂಕರ್ ಆಮೇಲೆ ಇದರ ವಿರುದ್ಧವೇ ತಿರುಗಿಬಿದ್ದರು. ಅದನ್ನು ಬಿಟ್ಟುಬಿಟ್ಟಿರಲ್ಲ!

ಓಹಾಯೋ ಮಾವ:
ಬಾಸ್ಟನ್ ನೋಡಿ ಎಲ್ಲ ಕಡೆ ಹೀಗೇ ಅಂದುಕೊಳ್ಳಬೇಡಿ. ನಮ್ಮಲ್ಲಿ ಇಕಾಟ್ ಅಂತ ಆನ್‌ಲೈನ್ ಚಾರ್ಟರ್ ಇತ್ತು. 15 ಸಾವಿರಕ್ಕೂ ಜಾಸ್ತಿ ಮಕ್ಕಳ ಲೆಕ್ಕ ತೋರಿಸಿ ದುಡ್ಡು ತಗೊಂಡರು. ಸರ್ಕಾರ ಹಾಜರಿ ಕೇಳಿದಾಗ ಅರ್ಧದಷ್ಟಕ್ಕೂ ದಾಖಲೆ ಸಿಗಲಿಲ್ಲ. 2018ರ ಜನವರಿಯಲ್ಲಿ, ಶಾಲೆ ವರ್ಷದ ನಡುವೆ, ಬಾಗಿಲು ಹಾಕಿತು. ಸುಮಾರು 12 ಸಾವಿರ ಮಕ್ಕಳು ಬೇರೆ ಶಾಲೆ ಹುಡುಕಬೇಕಾಯಿತು.

ಮಿಸಿಸಿಪ್ಪಿ ದಂಡೆ:
ನ್ಯೂ ಆರ್ಲಿಯನ್ಸ್‌ನಲ್ಲಿ ಒಳ್ಳೆಯದು, ಕೆಟ್ಟದ್ದು ಎರಡೂ ಕಂಡಿದ್ದೇವೆ. 2005ರ ಕತ್ರಿನಾ ಚಂಡಮಾರುತ ಆದಮೇಲೆ ರಾಜ್ಯ ಸರ್ಕಾರ ಶಾಲೆಗಳನ್ನು ಕೈಗೆ ತಗೊಂಡಿತು. 7 ಸಾವಿರಕ್ಕೂ ಹೆಚ್ಚು ನೌಕರರ ಕೆಲಸ ಹೋಯಿತು. ಹೆಚ್ಚಿನವರು ಕಪ್ಪು ಜನಾಂಗದವರು. ನೀರಿನಲ್ಲಿ ಮನೆ ಹೋಯಿತು, ಹಿಂದೆಯೇ ಕೆಲಸವೂ ಹೋಯಿತು. ನಿಧಾನಕ್ಕೆ ಊರಿಗೆ ಊರೇ ಚಾರ್ಟರ್ ಆಯಿತು. ಮಕ್ಕಳ ಅಂಕ ಏರಿದ್ದು ಸುಳ್ಳಲ್ಲ, ನಾನು ಅದನ್ನು ತಳ್ಳಿಹಾಕಲ್ಲ. ಆದರೆ ಬೀದಿ ಕೊನೆಯ ಶಾಲೆ ಬಿಟ್ಟು, ಊರ ಆಚೆ ತುದಿಗೆ ಹೋಗಲು ಬೆಳಗ್ಗೆ ಕತ್ತಲಲ್ಲಿ ಬಸ್ಸಿಗೆ ನಿಲ್ಲುವ ಮಕ್ಕಳನ್ನೂ ನೋಡಿದ್ದೇನೆ. 2024ರಲ್ಲಿ ಊರಿನ ಸರ್ಕಾರಿ ಶಾಲಾ ಮಂಡಳಿ ಮತ್ತೆ ತಾನೇ ನಡೆಸುವ ಒಂದು ಶಾಲೆ ತೆರೆಯಿತು.

ಹಾಸನದವ:
ನಮ್ಮಲ್ಲೂ ಆರ್‌ಟಿಇ ಸೀಟಿನ ಲಾಟರಿ ಇತ್ತಲ್ಲ. ಖಾಸಗಿ ಶಾಲೆಯಲ್ಲಿ ಶೇ. 25 ಸೀಟು, ಫೀಸು ಸರ್ಕಾರದ್ದು. ಸರ್ಕಾರಿ ಶಾಲೆ ಖಾಲಿ ಆಗ್ತಿದೆ ಅಂತ 2019ರಲ್ಲಿ ನಿಯಮ ಬದಲಾಯಿತು: ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟಿಲ್ಲ. ನಮ್ಮ ಪಕ್ಕದ ಮನೆಯವರು ಸರ್ಕಾರಿ ಶಾಲೆಗೆ ಬಂದರಾ? ಇಲ್ಲ. ಸಾಲ ಮಾಡಿ ಫೀಸು ಕಟ್ಟಿದರು.

ಸೀಮೆಸುಣ್ಣ:
ಅಲ್ಲಿ ದುಡ್ಡು ಖಾಸಗಿಯವರಿಗೆ, ಇಲ್ಲಿ ಚಾರ್ಟರೂ ಸರ್ಕಾರಿ ಲೆಕ್ಕವೇ. ಪೂರ್ತಿ ಒಂದೇ ಅಲ್ಲ ಸಾರ್. ಆದರೆ ಬಾಗಿಲು ಮುಚ್ಚಿದರೆ ಜನ ವಾಪಸ್ ಬರಲ್ಲ ಅನ್ನುವುದು ಸರಿ.

ಬಾಸ್ಟನ್ ಸೊಸೆ:
ಎಲ್ಲ ಓದಿದೆ. ಅರ್ಜಿ ಅಂತೂ ಹಾಕುತ್ತೇನೆ. ಅವಳ ಗಣಿತದ ಪುಸ್ತಕ ನೋಡಿದರೆ ನಿದ್ದೆ ಬರಲ್ಲ. ಸೀಮೆಸುಣ್ಣ ಅಕ್ಕ, ಬೈಯಬೇಡಿ. ಅವಳಿಗೆ ಸೀಟು ಬಂದರೆ ತಮ್ಮನಿಗೂ ಮುಂದೆ ಅನುಕೂಲ ಆಗುತ್ತಾ?

ಸೀಮೆಸುಣ್ಣ:
ಆಗುತ್ತೆ. ಒಡಹುಟ್ಟಿದವರಿಗೆ ಲಾಟರಿಯಲ್ಲಿ ಆದ್ಯತೆ ಇದೆ. ಬೈಯೋದ್ಯಾಕೆ, ನಿಮ್ಮ ಜಾಗದಲ್ಲಿ ಇದ್ದಿದ್ದರೆ ನಾನೂ ಹಾಕುತ್ತಿದ್ದೆನೇನೋ. ಒಂದೇ ಕೇಳಿಕೆ: ಸೀಟು ಬಂದರೆ ಈಗಿನ ಶಾಲೆಗೆ ಅವತ್ತೇ ಹೇಳಿಬಿಡಿ. ಆಗಸ್ಟ್‌ವರೆಗೆ ಎರಡೂ ಕಡೆ ಹೆಸರು ಇಟ್ಟುಕೊಳ್ಳುವವರಿಂದಲೇ ನಮ್ಮ ಕ್ಲಾಸಿನ ಲೆಕ್ಕ ಕೆಡುವುದು.