ಮಂಗಳೂರಿಂದ ಬೆಂಗಳೂರಿಗೆ ಸಿಂಗಾಪುರ ಸುತ್ತಿ ಹೋಗೋದು ಯಾಕೆ?

ಪ್ರಶ್ನೆ: ಬಲ್ಮಠದ ನಮ್ಮ ಆಫೀಸಿನ ಸರ್ವರ್ ಬೆಂಗಳೂರಿನಲ್ಲಿದೆ. ರಾತ್ರಿ ಟ್ರೇಸ್‌ರೂಟ್ (ಡೇಟಾ ಸಾಗುವ ದಾರಿ ತೋರಿಸುವ ಕಮಾಂಡ್) ಹಾಕಿದರೆ ದಾರಿ ಸಿಂಗಾಪುರ ಸುತ್ತುತ್ತದೆ. ಪಿಂಗ್ (ಡೇಟಾ ಹೋಗಿ ಬರುವ ಸಮಯ) ಸಿಕ್ಕಾಪಟ್ಟೆ ಜಾಸ್ತಿ. ನೆಟ್ ಕಂಪನಿಯವರು "ನಮ್ಮಲ್ಲಿ ಎಲ್ಲ ಸರಿ ಇದೆ" ಅನ್ನುತ್ತಾರೆ. ತಪ್ಪು ಎಲ್ಲಿ ಅಂತ ಹುಡುಕೋದು ಹೇಗೆ?

ಉತ್ತರ: ಟ್ರೇಸ್‌ರೂಟ್ ತೋರಿಸೋದು ಹೋಗುವ ದಾರಿ ಮಾತ್ರ ಮಾರಾಯ್ರೆ, ವಾಪಸ್ ಬರುವ ದಾರಿ ಬೇರೆ ಇರಬಹುದು. ಸರ್ವರ್ ಕಡೆಯಿಂದಲೂ ಹಾಕಿ. ಆಮೇಲೆ ರೈಪ್‌ಸ್ಟ್ಯಾಟ್ ವೆಬ್‌ಸೈಟಿನ ಬಿಜಿಪ್ಲೇಯಲ್ಲಿ (ನೆಟ್‌ವರ್ಕ್‌ಗಳ ನಡುವಿನ ದಾರಿ ಬದಲಾದದ್ದನ್ನು ತೋರಿಸುವ ಟೂಲ್) ಎರಡೂ ಕಡೆಯ ಪ್ರಿಫಿಕ್ಸ್ (ಐಪಿ ವಿಳಾಸಗಳ ಗುಂಪು) ಕೊಟ್ಟು, ದಾರಿ ಎಷ್ಟು ಗಂಟೆಗೆ ಬದಲಾಯ್ತು ನೋಡಿ. ನಡುವೆ ಸಂಬಂಧವಿಲ್ಲದ ಎಎಸ್ ನಂಬರ್ (ಒಂದೊಂದು ನೆಟ್‌ವರ್ಕಿನ ಗುರುತಿನ ಸಂಖ್ಯೆ) ಬಂದರೆ ರೂಟ್ ಲೀಕ್, ಅಂದರೆ ದಾರಿಯ ಮಾಹಿತಿ ಹೋಗಬಾರದ ಕಡೆ ಸೋರಿದ್ದು, ಇರಬಹುದು. ದಾರಿಯ ತಪ್ಪು ಮಾಹಿತಿ ಎಷ್ಟು ದೂರ ಹರಡಬಹುದು ಅಂದರೆ, 2008ರಲ್ಲಿ ಪಾಕಿಸ್ತಾನ್ ಟೆಲಿಕಾಂ ತನ್ನದು ಅಂತ ಹೊರಗೆ ಬಿಟ್ಟ ಯೂಟ್ಯೂಬಿನ ಒಂದೇ /24 ಪ್ರಿಫಿಕ್ಸ್ (256 ವಿಳಾಸಗಳ ಗುಂಪು) ಯೂಟ್ಯೂಬನ್ನು ಜಗತ್ತಿನ ಬಹುಭಾಗದಲ್ಲಿ ನಿಲ್ಲಿಸಿತ್ತು.

ಪ್ರಶ್ನೆ ಕೇಳಿದವರು: ಆರ್‌ಪಿಕೆಐ (ಪ್ರಿಫಿಕ್ಸ್ ಯಾರದು ಅಂತ ಸಹಿಯಿಂದ ಪರೀಕ್ಷಿಸುವ ವ್ಯವಸ್ಥೆ) ರೂಟ್ ಲೀಕನ್ನು ತಡೆಯಲ್ವಾ?

ಉತ್ತರ: ಅದು ಪ್ರಿಫಿಕ್ಸ್ ಹೊರಟ ಜಾಗ ಸರಿಯಾ ಅಂತ ಮಾತ್ರ ನೋಡುತ್ತದೆ, ನಡುವಿನ ದಾರಿಯನ್ನಲ್ಲ. ಹಾಗಾಗಿ ಸಮಯ, ಎಎಸ್ ದಾರಿ, ಎರಡೂ ಟ್ರೇಸ್ ಸೇರಿಸಿ ಕಂಪನಿಯ ನಾಕ್‌ಗೆ (ನೆಟ್‌ವರ್ಕ್ ನೋಡಿಕೊಳ್ಳುವ ತಾಂತ್ರಿಕ ವಿಭಾಗ) ಕಳಿಸಿ. ಕಸ್ಟಮರ್ ಕೇರ್‌ಗೆ ಸುಮ್ನೆ ಫೋನ್ ಮಾಡಬೇಡಿ.