ಫ್ಲಾರಿಡಾದ ಟ್ಯಾಂಪಾ ಫೋನ್ ವಿಚಾರ, ಪುಟ್ಟಿಗೆ, 11 ಅಕ್ಟೋಬರ್ 2024

ಪುಟ್ಟಿ, ನಿನ್ನ ಮೆಸೇಜ್ ನೋಡ್ದೆ. "ಮಿಲ್ಟನ್ ಚಂಡಮಾರುತ ಹೊಡೆದಾಗಿಂದ ಟ್ಯಾಂಪಾದಲ್ಲಿ ಹುಡುಗನ ಫೋನ್ ಸ್ವಿಚ್ ಆಫ್ ಅಂತಿದೆ, ವಾಟ್ಸಾಪಲ್ಲಿ ಒಂದೇ ಟಿಕ್ಕು, ಏನ್ ಮಾಡ್ಲಿ ದೊಡ್ಡಪ್ಪ" ಅಂತ ಕೇಳಿದೀಯ. ಅಷ್ಟುದ್ದ ಟೈಪ್ ಮಾಡೋಕೆ ನನ್ನ ಕೈಲಾಗಲ್ಲ, ಮಾತಾಡ್ತೀನಿ, ಎಲ್ಲಾರೂ ಕೇಳಿಸ್ಕೊಳ್ಳಿ.

ಮೊದಲನೇದು, ಸುಮ್ಮಸುಮ್ನೆ ಕಾಲ್ ಮಾಡ್ತಾ ಕೂರಬೇಡಿ. ನೀನು, ನಿಮ್ಮತ್ತೆ, ನಂಜನಗೂಡಿನೋರು, ಎಲ್ಲಾ ಸೇರಿ ನಿನ್ನೆಯಿಂದ ಹಚ್ತಾನೇ ಇದೀರಂತೆ. ಸ್ವಿಚ್ ಆಫ್ ಅಂದ ಮಾತ್ರಕ್ಕೆ ಅವನ ಫೋನ್ ಆಫ್ ಆಗಿದೆ ಅಂತ ಅಲ್ಲ ಕಣಮ್ಮ. ಅಲ್ಲಿ ಟವರ್ ಸತ್ತಿದ್ರೂ ಅದೇ ರೆಕಾರ್ಡಿಂಗ್ ಬರಬಹುದು. ನೆಟ್‌ವರ್ಕು ಕೂಗ್ತು, ಹ್ಯಾಂಡ್‌ಸೆಟ್ ಓಗೊಡಲಿಲ್ಲ, ಅದಕ್ಕೆ ಗೊತ್ತಿರೋದು ಅಷ್ಟೇ.

ಗಾಳಿ ದಡಕ್ಕೆ ಬಂದದ್ದು ಸಿಯೆಸ್ಟಾ ಕೀ ಹತ್ರ, ನಮ್ಮ ಲೆಕ್ಕದಲ್ಲಿ ನಿನ್ನೆ ಬೆಳಗಿನ ಜಾವ ಆರು ಗಂಟೆ. 30 ಲಕ್ಷಕ್ಕೂ ಜಾಸ್ತಿ ಮೀಟರಿಗೆ ಕರೆಂಟಿಲ್ಲ. ಟವರ್ ಬಹಳಷ್ಟು ನಿಂತೇ ಇರ್ತವೆ, ಬೀಳೋದು ಕಮ್ಮಿ. ಕರೆಂಟ್ ಹೋಗ್ತಿದ್ದಂಗೆ ಬ್ಯಾಟರಿ ಮೇಲೆ ಕೆಲವು ಗಂಟೆ ನಡೀತದೆ, ಆಮೇಲೆ ಜನರೇಟರ್ ಇದ್ರೆ ಜನರೇಟರು, ಅದರ ಡೀಸೆಲ್ ತೀರಿದ್ರೆ ಮುಗೀತು. ಅದೂ ಸರಿಯಿದ್ರೆ, ಟವರಿಂದ ಆಚೆಗೆ ಹೋಗೋ ಫೈಬರ್ ಕೇಬಲ್ ತುಂಡಾಗಿರ್ತದೆ. 2018ರಲ್ಲಿ ಮೈಕಲ್ ಅಂತ ಬಂದಿತ್ತಲ್ಲ, ಅದೇ ಫ್ಲಾರಿಡಾಗೆ, ಆವಾಗ ಗಾಳಿಗೆ ಉಳಿದ ಫೈಬರನ್ನ ಆಮೇಲೆ ಮರ ತೆಗೆಯೋಕೆ, ಕಂಬ ನೆಡೋಕೆ ಬಂದೋರೇ ಕಡಿದುಹಾಕಿದ್ರು. ಅದಕ್ಕೇ ಒಂದು ಸಲ ಬಂದ ಸಿಗ್ನಲ್ಲು ಮತ್ತೆ ಹೋದ್ರೆ ಗಾಬರಿ ಆಗಬೇಡ. 2017ರಲ್ಲಿ ಪೋರ್ಟೊರಿಕೊದಲ್ಲಿ ಮರಿಯಾ ಹೊಡೆದಾಗ ನೂರಕ್ಕೆ 95 ಟವರ್ ಸತ್ತಿದ್ವು. ಇದು ಅಷ್ಟಿಲ್ಲ.

ಕಾಲ್ ಬೇಡ ಅಂದೆ ನೋಡು, ಯಾಕೆ ಅಂತ ಕೇಳು. ಮಂಡ್ಯದ ಕಡೆ ಒಂದು ಎಕ್ಸ್‌ಚೇಂಜು, ಹಳೇ ಸ್ಟ್ರೌಜರ್, ಅಂದ್ರೆ ಯಂತ್ರದ ಸ್ವಿಚ್ಚುಗಳೇ ಲೈನ್ ಜೋಡಿಸೋದು, ನಾನು ಅಲ್ಲಿದ್ದಾಗಿನ ಮಾತು. ಅದರ ಬ್ಯಾಟರಿ 2 ವೋಲ್ಟಿನ 24 ಸೆಲ್ಲು, ಒಟ್ಟು 48 ವೋಲ್ಟು. ಮಳೆಗಾಳಿಗೆ ಕರೆಂಟ್ ಹೋಯ್ತು. ಬ್ಯಾಟರಿ ಆಸಿಡ್ಡಿನ ಸಾಂದ್ರತೆ ಅಳೆಯೋ ಹೈಡ್ರೋಮೀಟರಲ್ಲಿ 1.210 ತೋರಿಸ್ತಿತ್ತು, ಫುಲ್ ಚಾರ್ಜು, ರಾತ್ರಿ ಪೂರಾ ಎಳೀಬೇಕಿತ್ತು. ಆದ್ರೆ ಊರಲ್ಲಿ ಕನ್ನಂಬಾಡಿ ಗೇಟು ಎತ್ಬಿಟ್ರು ಅಂತ ಸುದ್ದಿ ಹಬ್ಬಿ, ಎಲ್ಲಾರೂ ಒಂದೇ ಸಲಕ್ಕೆ ರಿಸೀವರ್ ಎತ್ತಿದ್ರು. ಎತ್ತಿದ್ರೇ ಸಾಕು, ಒಂದೊಂದು ಲೈನೂ 20ರಿಂದ 40 ಮಿಲಿಆಂಪ್ ಎಳೀತದೆ. ಮೇಲೆ ಒಂದೊಂದು ಅಂಕಿ ತಿರುಗಿಸಿದ್ದಕ್ಕೂ ಲೈನ್ ಜೋಡಿಸೋ ಸೆಲೆಕ್ಟರ್ ಸ್ವಿಚ್ಚಿನ ಮ್ಯಾಗ್ನೆಟ್ಟು ಟಕಟಕ ಅಂತ ಕರೆಂಟ್ ತಿಂತದೆ. ಎಂಗೇಜ್ ಬಂತು ಅಂತ ಇಟ್ಟು ಮತ್ತೆ ಎತ್ತೋದು, ಮತ್ತೆ ತಿರುಗಿಸೋದು. ಸೆಲ್ಲಿಗೆ 1.8 ವೋಲ್ಟಿನ ಕೆಳಗೆ ಇಳಿಸಂಗಿಲ್ಲ, ಅಂದ್ರೆ ಒಟ್ಟು 43 ಚಿಲ್ಲರೆ ವೋಲ್ಟು. ನಡುರಾತ್ರಿಗೆ ಮುಂಚೇನೇ ಅಲ್ಲಿಗೆ ಬಂದು ಕೂತ್ಕೊಂತು. ಕಂಬ ಒಂದೂ ಬಿದ್ದಿರಲಿಲ್ಲ, ತಂತಿ ಒಂದೂ ಹರಿದಿರಲಿಲ್ಲ, ಆದ್ರೂ ಊರು ಪೂರಾ ಮೂಕ. ಆಸ್ಪತ್ರೆಯಿಂದ ಬರಬೇಕಾದ ಕಾಲೂ ಬರಲಿಲ್ಲ.

ಜನರೇಟರ್ ಇರಲಿಲ್ವಾ ಅಂತೀರ. ಇತ್ತು, ಟ್ಯಾಂಕ್ ತಳದಲ್ಲಿ ನೀರು ಕೂತು ಫಿಲ್ಟರ್ ಕಟ್ಕೊಂಡಿತ್ತು. ತಿಂಗಳಿಗೊಂದ್ಸಲ ತಳದ ಡ್ರೈನ್ ಬಿಚ್ಚಿ ನೀರಿಳಿಸಿ, ಹದಿನೈದು ನಿಮಿಷ ಲೋಡ್ ಕೊಟ್ಟು ಓಡಿಸಬೇಕು. ಓಡಿಸೋಕೆ ಡೀಸೆಲ್ ಕೇಳಿದ್ರೆ ಮೇಲಿನೋರು ಬಿಲ್ಲಿಗೆ ಸಹಿ ಹಾಕ್ತಿರಲಿಲ್ಲ, ಕರೆಂಟ್ ಇರೋವಾಗ ಯಾಕ್ರಿ ಡೀಸೆಲ್ಲು ಅಂತಿದ್ರು. ಏರ್ ಕಂಡೀಷನ್ ರೂಮಲ್ಲಿ ಕೂತೋರಿಗೆ ಬ್ಯಾಟರಿ ರೂಮಿನ ಆಸಿಡ್ ವಾಸನೆ ಗೊತ್ತಾ? ಈಗ ಆ ಲ್ಯಾಂಡ್‌ಲೈನಿನ ತಾಮ್ರದ ಲೈನನ್ನೂ ಎಲ್ಲಾರೂ ತೆಗೆಸಿಬಿಟ್ರಿ. ಬೇಡಿ ಅಂತ ಬಡ್ಕೊಂಡೆ, ಸರಸ್ವತಿಪುರಂ ಮನೇಲಂತೂ ಹಳೇ ಸಾಮಾನಿಗೆ ಹಾಕಿದ್ರು ಆ ಫೋನ್ನ. ತಾಮ್ರದ ಲೈನಿಗೆ ಕರೆಂಟು ಎಕ್ಸ್‌ಚೇಂಜಿಂದಲೇ ಬರ್ತಿತ್ತು, ನಿಮ್ಮನೆ ಕತ್ತಲಲ್ಲಿದ್ರೂ ಫೋನ್ ಮಾತಾಡ್ತಿತ್ತು. ಈ ಫೈಬರ್ ಡಬ್ಬಕ್ಕೆ ನಿಮ್ಮನೆ ಕರೆಂಟೇ ಬೇಕು. ಸರಿ, ನನ್ನ ಮಾತು ಯಾರಿಗೆ ಬೇಕು.

ಕಾಲ್ ಮಾಡ್ತಾ ಕೂರಬೇಡಿ ಅಂತ ಇನ್ನೊಂದ್ಸಲ ಹೇಳ್ತೀನಿ. ನಾಳೆ ಜಂಬೂ ಸವಾರಿ, ಬನ್ನಿಮಂಟಪದ ಹತ್ರ ನಿಂತು ಫೋನ್ ಹಚ್ಚಿ ನೋಡಿ, ಸಿಗ್ನಲ್ ಕಡ್ಡಿ ತುಂಬಾ ಇರ್ತವೆ, ಕಾಲ್ ಹೋಗಲ್ಲ. ಅಲ್ಲೂ ಹಂಗೇ, ಉಳಿದಿರೋ ನಾಲ್ಕು ಟವರಿಗೆ ಇಡೀ ಊರು ಮುಗಿಬಿದ್ದಿರ್ತದೆ.

ಅಯ್ಯೋ, ಹೇಳಬೇಕಾದ್ದೇ ಬಿಟ್ಟೆ. ಎಸ್ಸೆಮ್ಮೆಸ್ ಕಳಿಸು ಪುಟ್ಟಿ, ವಾಟ್ಸಾಪ್ ಅಲ್ಲ, ಮಾಮೂಲಿ ಎಸ್ಸೆಮ್ಮೆಸ್ಸು. ಅದಕ್ಕೆ ಡೇಟಾ ಬೇಡ. ಅವನ ಫೋನ್ ಒಂದು ನಿಮಿಷ ಟವರಿಗೆ ಸಿಕ್ಕಿದ್ರೂ ಸಾಕು, ಅಲ್ಲೀವರೆಗೂ ಫೋನ್ ಕಂಪನಿಯ ಮೆಸೇಜ್ ಸೆಂಟರಲ್ಲಿ ಕಾದಿರ್ತದೆ. ಪ್ಯಾಕಿನ ಫ್ರೀ ಮೆಸೇಜ್ ಫಾರಿನ್ನಿಗೆ ನಡೆಯಲ್ಲ, ಮೇನ್ ಬ್ಯಾಲೆನ್ಸ್ ಹಾಕಿಸ್ಕೋ. ಕನ್ನಡ ಅಕ್ಷರದಲ್ಲಿ ಬರೆದ್ರೆ 70ಕ್ಕೇ ಒಂದು ಮೆಸೇಜ್ ತುಂಬ್ತದೆ, ಇಂಗ್ಲಿಷ್ ಅಕ್ಷರದಲ್ಲಿ 160ರವರೆಗೂ ಹಿಡೀತದೆ, ಅದರಲ್ಲೇ ಬರಿ. ಹೆಂಗಿದೀಯ ಗಿಂಗಿದೀಯ ಬೇಡ. "ಚೆನ್ನಾಗಿದ್ರೆ ಓಕೆ ಅಂತ ನ್ಯೂಜೆರ್ಸಿ ಮಾವನಿಗೆ ಮಾತ್ರ ಕಳಿಸು, ಆಮೇಲೆ ಏರೋಪ್ಲೇನ್ ಮೋಡಿಗೆ ಹಾಕು, ಗಂಟೆಗೊಂದ್ಸಲ ಐದು ನಿಮಿಷ ತೆಗಿ" ಇಷ್ಟೇ. ಸಿಗ್ನಲ್ ಹುಡುಕ್ತಾ ಹುಡುಕ್ತಾನೇ ಫೋನ್ ಬ್ಯಾಟರಿ ಇಳಿಯೋದು. ನ್ಯೂಜೆರ್ಸಿಯೋನು ನಮ್ಮ ಗ್ರೂಪಿಗೆ ಹಾಕ್ಲಿ, ಒಬ್ಬನೇ ಸಾಕು.

ಐಫೋನ್ 14 ಆಗಲಿ ಅದಕ್ಕಿಂತ ಹೊಸದಾಗಲಿ ಇದ್ರೆ, ಅಮೆರಿಕದಲ್ಲಿ ಟವರ್ ಇಲ್ಲದೇನೂ ಸ್ಯಾಟಲೈಟಲ್ಲಿ ಎಮರ್ಜೆನ್ಸಿ ಮೆಸೇಜ್ ಹೋಗ್ತದೆ, ಆದ್ರೆ ಆಕಾಶ ಕಾಣೋ ಬಯಲಿಗೆ ಬರಬೇಕು. ಅವನದ್ಯಾವ ಫೋನು, ನಿಂಗೊತ್ತಾ?

ನಾಳೆ ಸಾಯಂಕಾಲದವರೆಗೂ ಏನೂ ಬರಲಿಲ್ಲ ಅಂದ್ರೆ ಅಟ್ಲಾಂಟಾದ ಭಾರತದ ಕಾನ್ಸುಲೇಟಿಗೆ ಬರೆಯೋಣ, ಫ್ಲಾರಿಡಾ ಅವರ ಕೆಳಗೇ ಬರ್ತದೆ. ಪಾಸ್‌ಪೋರ್ಟ್ ನಂಬರು, ಅಲ್ಲಿನ ಪೂರ್ತಿ ಅಡ್ರೆಸ್ಸು ಎತ್ತಿಟ್ಕೋ. ಎಸ್ಸೆಮ್ಮೆಸ್ ನೀನೊಬ್ಬಳೇ ಕಳಿಸು, ನಂಜನಗೂಡಿನೋರು ಸುಮ್ನಿರಲಿ.