ಅಪ್ಪನ ಹೃದಯದ ವಾಲ್ವ್ ಬದಲಿಸಬೇಕಂತೆ, ಮಾಡಿಸಿದವರು ಇದ್ದರೆ ಹೇಳಿ

ಹೊನ್ನಾವರದಿಂದ ಪ್ರಶ್ನೆ:

ಅಪ್ಪನಿಗೆ 68. ತೋಟದಿಂದ ಮನೆಗೆ ಹತ್ತಿ ಬರುವಷ್ಟರಲ್ಲಿ ಏದುಸಿರು ಬರುತ್ತದೆ, ನಡುವೆ ಕೂರಲೇಬೇಕು. ಮೊನ್ನೆ ಅಂಗಳದಲ್ಲಿ ತಲೆ ಸುತ್ತಿ ಬಿದ್ದರು. ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದೆವು. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲು, ಅಯೋರ್ಟಿಕ್ ವಾಲ್ವ್, ತುಂಬಾ ಬಿಗಿಯಾಗಿದೆಯಂತೆ. ಏರಿಯಾ (ವಾಲ್ವ್ ತೆರೆಯುವ ಜಾಗ) 0.7, ಮೀನ್ ಗ್ರೇಡಿಯಂಟ್ (ವಾಲ್ವಿನ ಎರಡು ಬದಿಯ ಒತ್ತಡದ ಸರಾಸರಿ ಅಂತರ) 52 ಎಂದಿದೆ. ಬದಲಿಸಲೇಬೇಕು ಅಂದರು. ಲೋಹದ ವಾಲ್ವಾ, ಪ್ರಾಣಿಯ ಪೊರೆಯಿಂದ ಮಾಡಿದ ಟಿಶ್ಯೂ ವಾಲ್ವಾ, ಎದೆ ತೆರೆಯದೆ ತೊಡೆಯ ರಕ್ತನಾಳದಿಂದ ಹಾಕುವ ಟಾವಿಯಾ ಅಂತ ಯೋಚಿಸಿ ಬರಲು ಹೇಳಿದ್ದಾರೆ. ಅಪ್ಪನದು ಒಂದೇ ಮಾತು, "ಗುಳಿಗೆ ತಗೊಂಡು ನೋಡುವಾ, ಮಳೆಗಾಲ ಕಳೀಲಿ." ಏನು ಮಾಡಲಿ?

ಅಂಕೋಲಾದಿಂದ:

ಮೊದಲು ಮಳೆಗಾಲದ ಮಾತು ಬಿಡಿಸಿ. ನಮ್ಮ ದೊಡ್ಡಪ್ಪನಿಗೂ ಇದೇ ಆಗಿತ್ತು. ವಾಲ್ವಿನ ಎಸಳುಗಳ ಮೇಲೆ ಸುಣ್ಣ ಕಟ್ಟಿ ಅವು ಗಟ್ಟಿಯಾಗಿರುತ್ತವೆ. ಅದನ್ನು ಕರಗಿಸುವ ಗುಳಿಗೆ ಇಲ್ಲ. ಕೊಡುವ ಗುಳಿಗೆಯೆಲ್ಲ ನೀರು ಇಳಿಸೋಕೆ, ಬಿಪಿ ನೋಡಿಕೊಳ್ಳೋಕೆ. ಸರಿಯಿರುವ ವಾಲ್ವ್ 3ರಿಂದ 4 ಚದರ ಸೆಂ.ಮೀ. ತೆರೆಯುತ್ತದೆ. ನಿಮ್ಮ ಅಪ್ಪನದು 0.7. ಏರಿಯಾ 1ಕ್ಕಿಂತ ಕೆಳಗೆ, ಗ್ರೇಡಿಯಂಟ್ 40ಕ್ಕಿಂತ ಮೇಲೆ ಹೋದರೆ ಅದನ್ನು ತೀವ್ರ ಅನ್ನುತ್ತಾರೆ. ಜೊತೆಗೆ ದಮ್ಮು, ಎದೆನೋವು, ತಲೆಸುತ್ತು ಶುರುವಾದ ಮೇಲೆ ಸುಮ್ನೆ ಬಿಟ್ಟರೆ ಹೆಚ್ಚಿನವರಿಗೆ ಉಳಿಯುವುದು ಎರಡು ಮೂರು ವರ್ಷ. ಹೆದರಿಸಲು ಹೇಳುತ್ತಿಲ್ಲ. ಅಪ್ಪನಿಗೆ ಡಾಕ್ಟರ ಬಾಯಿಂದಲೇ ಇದನ್ನು ಹೇಳಿಸಿ, ನಾವು ಹೇಳಿದರೆ ಕೇಳೋದಿಲ್ಲ.

ಇನ್ನೊಂದು. ಎದೆನೋವು ಅಂತ ಯಾರದೋ ಸಾರ್ಬಿಟ್ರೇಟ್ (ಎದೆನೋವಿನ ಗುಳಿಗೆ) ತಂದು ನಾಲಿಗೆ ಕೆಳಗೆ ಇಡಬೇಡಿ. ಈ ಕಾಯಿಲೆಯಲ್ಲಿ ಅದರಿಂದ ಬಿಪಿ ದಿಢೀರ್ ಇಳಿದು ಎಚ್ಚರ ತಪ್ಪಬಹುದು.

ಶಿರಸಿಯಿಂದ:

ನನಗೆ ನಲವತ್ತರ ಆಸುಪಾಸಿನಲ್ಲೇ ಆಪರೇಷನ್ ಆಯಿತು. ಹುಟ್ಟಿನಿಂದಲೇ ಮೂರು ಎಸಳಿನ ಬದಲು ಎರಡೇ ಇತ್ತು. ಹಾಕಿದ್ದು ಲೋಹದ ವಾಲ್ವ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ರೂಪಿಸಿದ ಚಿತ್ರಾ ವಾಲ್ವ್. 1990ರಿಂದ ಜನರಿಗೆ ಹಾಕುತ್ತಿದ್ದಾರೆ. ರಾತ್ರಿ ಮನೆಯೆಲ್ಲ ಮಲಗಿದಾಗ ಟಿಕ್ ಟಿಕ್ ಕೇಳುತ್ತದೆ. ಹೆಂಡತಿಗೆ ಈಗ ಅದು ಕೇಳದಿದ್ದರೇ ಗಾಬರಿ.

ಲೋಹದ್ದು ಸವೆಯುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ನಿಜವೇ. ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಅದಕ್ಕೆ ಸಾಯುವತನಕ ಅಸಿಟ್ರೋಮ್ ಅಥವಾ ವಾರ್ಫರಿನ್ ನುಂಗಬೇಕು. ರಕ್ತ ಎಷ್ಟು ತಡವಾಗಿ ಹೆಪ್ಪುಗಟ್ಟುತ್ತದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ ಮಾಡಿಸುತ್ತಲೇ ಇರಬೇಕು, ಹತೋಟಿಗೆ ಬಂದ ಮೇಲೆ ತಿಂಗಳಿಗೊಮ್ಮೆಯಾದರೂ. ನನಗೆ 2ರಿಂದ 3ರ ಒಳಗೆ ಇರಬೇಕು ಅಂದಿದ್ದಾರೆ. ಕಡಿಮೆಯಾದರೆ ವಾಲ್ವ್ ಸಿಕ್ಕಿಕೊಳ್ಳುವ, ಪಾರ್ಶ್ವವಾಯು ಹೊಡೆಯುವ ಭಯ. ಜಾಸ್ತಿಯಾದರೆ ರಕ್ತಸ್ರಾವ. ಪೇಟೆಯಲ್ಲಿದ್ದವನಿಗೆ ಇದು ದೊಡ್ಡದಲ್ಲ. ಆಷಾಢದಲ್ಲಿ ಮರ ಬಿದ್ದು ರಸ್ತೆ ಕಟ್ಟಿದ ಊರಿನವನಿಗೆ ದೊಡ್ಡದೇ. ಹಾಗಾಗಿ ಯಾವ ವಾಲ್ವ್ ಅನ್ನುವ ಮೊದಲು, ಅಪ್ಪನನ್ನು ಲ್ಯಾಬಿಗೆ ಕರೆದೊಯ್ಯುವವರು ಯಾರು ಅಂತ ಮನೆಯಲ್ಲಿ ಕೂತು ಮಾತಾಡಿ.

ಊಟದ ಪಥ್ಯ ಜನ ಹೆದರಿಸಿದಷ್ಟಿಲ್ಲ. ಬಸಳೆ, ಹರಿವೆ, ನುಗ್ಗೆಸೊಪ್ಪು ಬಿಡಬೇಕಿಲ್ಲ. ವಾರವಾರವೂ ಹೆಚ್ಚುಕಡಿಮೆ ಅಷ್ಟೇ ತಿಂದರಾಯಿತು. ಒಂದು ವಾರ ದಿನಾ ಬಸಳೆ ಹುಳಿ, ಮರುವಾರ ಬರೀ ತಂಬುಳಿ, ಹಾಗಾದರೆ ಐಎನ್‌ಆರ್ ಏರುಪೇರು. ಮಂಡಿನೋವಿಗೆ ಡೈಕ್ಲೋಫೆನಾಕ್ ಗುಳಿಗೆ ಮಾತ್ರ ಬೇಡವೇ ಬೇಡ. ನಾಟಿ ಔಷಧ, ಕಷಾಯ ಶುರು ಮಾಡುವುದಿದ್ದರೂ ಡಾಕ್ಟರಿಗೆ ತಿಳಿಸಿ.

68ಕ್ಕೆ ನನ್ನ ಓಟು ಟಿಶ್ಯೂಗೆ.

ಕುಮಟಾದಿಂದ:

ನಮ್ಮ ಆಯಿಗೆ ಟಿಶ್ಯೂನೇ ಹಾಕಿಸಿದ್ದು. 65 ದಾಟಿದವರಿಗೆ ಡಾಕ್ಟರು ಸಾಮಾನ್ಯವಾಗಿ ಅದನ್ನೇ ಹೇಳುತ್ತಾರೆ. ಜೀವನಪೂರ್ತಿ ವಾರ್ಫರಿನ್ ಬೇಡ, ಮೊದಲ ಕೆಲವು ತಿಂಗಳು ಕೊಟ್ಟರೆ ಕೊಟ್ಟಾರು. ಬಾಳಿಕೆ 10ರಿಂದ 15 ವರ್ಷ. ಮುಂದೆ ಸವೆದರೆ ಅದರೊಳಗೇ ಟಾವಿ ವಾಲ್ವ್ ಕೂರಿಸಲು ಎಷ್ಟೋ ಸಲ ಆಗುತ್ತದೆ. ಆದರೆ ಮೊದಲು ಹಾಕಿದ್ದು ತೀರಾ ಸಣ್ಣ ಸೈಜ್ ಆಗಿರಬಾರದು. ಸರ್ಜನ್‌ ಹತ್ತಿರ ಇದನ್ನು ಈಗಲೇ ಕೇಳಿ.

ಟಿಶ್ಯೂ ವಾಲ್ವನ್ನು ಮಾಡುವುದು ದನದ ಹೃದಯದ ಹೊರಪೊರೆ ಅಥವಾ ಹಂದಿಯ ವಾಲ್ವಿನಿಂದ. ಟಾವಿಯದೂ ಪ್ರಾಣಿಯ ಪೊರೆಯಿಂದಲೇ. ನಮ್ಮಲ್ಲಿ ಕೆಲವರಿಗೆ ಇದು ಮನಸ್ಸಿಗೆ ಒಗ್ಗುವುದಿಲ್ಲ. ಮುಚ್ಚಿಡಬೇಡಿ, ಮೊದಲೇ ಹೇಳಿಬಿಡಿ. ಆಯಿ ಒಂದು ದಿನ ಊಟ ಬಿಟ್ಟು ಕೂತಳು, ಮರುದಿನ ತಾನೇ ಹ್ಞೂಂ ಅಂದಳು.

ದುಡ್ಡಿನ ವಿಷಯ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲು ಮಾಡಿಸಿ, ಅಡ್ಮಿಟ್ ಆದ ಮೇಲೆ ಓಡಾಡಬೇಡಿ. ನಮ್ಮ ಜಿಲ್ಲೆಯವರ ಪಾಡು ಗೊತ್ತಲ್ಲ, ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಎಲ್ಲಿಗಾದರೂ ಹೋಗಲೇಬೇಕು. ನಿಮಗೆ ಮಣಿಪಾಲದ ದಾರಿ ಘಟ್ಟವಿಲ್ಲದ್ದು. ಎದೆ ತೆರೆದು ಹೊಲಿದ ಮೇಲೆ ಮರಳಿ ಬರುವಾಗ ಅದರ ಬೆಲೆ ಗೊತ್ತಾಗುತ್ತದೆ. ಕೆಮ್ಮುವಾಗ ಎದೆಗೆ ಒತ್ತಿಕೊಳ್ಳಲು ದಿಂಬು ಕಾರಿನಲ್ಲೂ ಇರಲಿ. ಎದೆಮೂಳೆ ಕೂಡಲು ಆರೆಂಟು ವಾರ ಬೇಕು. ಅಷ್ಟು ದಿನ ಕೊಡಪಾನ ಎತ್ತುವುದು, ಬೈಕ್ ಓಡಿಸುವುದು ಬಂದ್.

ಕಾರವಾರದಿಂದ:

ನಮ್ಮ ಅತ್ತೆಗೆ 79. ಶುಗರ್ ಬೇರೆ, ಶ್ವಾಸಕೋಶವೂ ಅಷ್ಟಕ್ಕಷ್ಟೆ. ಎದೆ ತೆರೆಯುವುದು ಬೇಡ ಅಂತ ಬೆಂಗಳೂರಿನಲ್ಲಿ ಟಾವಿ ಮಾಡಿಸಿದೆವು. ಮಡಚಿದ ವಾಲ್ವನ್ನು ತೊಡೆಯ ರಕ್ತನಾಳದಿಂದ ಕಳಿಸಿ, ಹಳೆ ವಾಲ್ವಿನ ಒಳಗೇ ಅರಳಿಸುತ್ತಾರೆ. 2002ರಲ್ಲಿ ಫ್ರಾನ್ಸ್‌ನ ಅಲೈನ್ ಕ್ರಿಬಿಯೇ ಎಂಬ ಡಾಕ್ಟರು ಮೊದಲು ಮಾಡಿದ್ದು. ಈಗ ನಮ್ಮ ದೇಶದಲ್ಲೇ ತಯಾರಾಗುವ ಮೈವಾಲ್ ಎಂಬ ವಾಲ್ವೂ ಇದೆ. ಅತ್ತೆ ಬಲುಬೇಗ ಎದ್ದು ಓಡಾಡಿದರು.

ಆದರೆ ಸುಲಭ ಅಂತ ಹಾರಬೇಡಿ. ಖರ್ಚು ಮಾಮೂಲಿ ಆಪರೇಷನ್ನಿನ ಎಷ್ಟೋ ಪಟ್ಟು. ವಾಲ್ವ್ ಕೂರುವ ಜಾಗದ ಪಕ್ಕದಲ್ಲೇ ಹೃದಯದ ಕರೆಂಟ್ ದಾರಿ ಇದೆ. ಅದು ಒತ್ತಿಹೋಗಿ ಅತ್ತೆಗೆ ಪೇಸ್‌ಮೇಕರ್ ಕೂಡ ಹಾಕಬೇಕಾಯಿತು. ಈ ಮಾತನ್ನು ನಮಗೆ ಮೊದಲೇ ಯಾರೂ ಬಿಡಿಸಿ ಹೇಳಿರಲಿಲ್ಲ. ಮುಂಚೆ ಸಿಟಿ ಸ್ಕ್ಯಾನ್ ಮಾಡುತ್ತಾರೆ, ಅದರ ಡೈ ಕಿಡ್ನಿಗೆ ಹೊರೆ, ಕ್ರಿಯೇಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನೋಡಿಸಿ. ಅಪ್ಪನ ಆಂಜಿಯೋಗ್ರಾಮ್ ಆಗಿದೆಯಾ? ಬ್ಲಾಕ್‌ಗಳಿದ್ದರೆ ಎದೆ ತೆರೆದಾಗ ಬೈಪಾಸನ್ನೂ ಒಟ್ಟಿಗೇ ಮುಗಿಸಬಹುದು. ಹಾಗಿದ್ದರೆ ಟಾವಿಯೋ ಇದೋ ಅಂತ ಡಾಕ್ಟರನ್ನು ಕೇಳಿ.

ಹೊನ್ನಾವರದಿಂದ ಮತ್ತೆ:

ಎಲ್ಲರಿಗೂ ಉಪಕಾರ. ಆಂಜಿಯೋಗ್ರಾಮ್ ಮುಂದಿನ ವಾರ. ಅಪ್ಪ ದಿನಾ ಕವಳ (ಎಲೆಯಡಿಕೆ) ಹಾಕುವವರು, ಎರಡು ಹಲ್ಲು ಹುಳುಕು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಶಿರಸಿಯಿಂದ:

ಇದೆ ಮಾರಾಯ, ತುಂಬಾ ಇದೆ. ಹಲ್ಲಿನ ಸೋಂಕು ರಕ್ತಕ್ಕಿಳಿದು ಹೊಸ ವಾಲ್ವಿನಲ್ಲಿ ಕೂತರೆ ಮತ್ತೆ ಎದೆ ತೆರೆಯುವ ಪ್ರಸಂಗ ಬರಬಹುದು. ಹುಳುಕು ಹಲ್ಲನ್ನು ಆಪರೇಷನ್ನಿಗೆ ಮೊದಲೇ ತೆಗೆಸಿ. ಹಾಗಂತ ಸೀದಾ ದಂತವೈದ್ಯರ ಹತ್ತಿರ ಹೋಗಬೇಡಿ, ವಾಲ್ವ್ ಇಷ್ಟು ಬಿಗಿಯಿರುವಾಗ ಹೃದಯದ ಡಾಕ್ಟರನ್ನು ಕೇಳಿಯೇ ಕೀಳಿಸಿ. ಆಮೇಲೂ ಹಲ್ಲು ಕೀಳುವುದು, ಕ್ಲೀನಿಂಗ್ ಅಂತ ಏನೇ ಇರಲಿ, ಮುಂಚೆ ಆಂಟಿಬಯೋಟಿಕ್ ತಗೊಳ್ಳಬೇಕು. ವಾಲ್ವ್ ಕಾರ್ಡ್ ಕೊಡುತ್ತಾರೆ, ಅದನ್ನು ಅಪ್ಪನ ಕಿಸೆಯಲ್ಲೇ ಇಡಿ.